ಸ್ಟಾಕ್ ಟೇಬಲ್ಲಿನ ಮೇಲೊಂದು ಟವೆಲ್

ನಿವೃತ್ತಿಗೆ ಇನ್ನು ಹದಿನೈದು ದಿನ ಇತ್ತು. ನನ್ನ ಜಾಗಕ್ಕೆ ಬಂದ ಹುಡುಗಿ ವೀಣಾ ನನ್ನ ಹಳೆಯ ಪ್ರೋಗ್ರಾಮುಗಳನ್ನು ಒಂದೊಂದಾಗಿ ಕೆದಕುತ್ತ ಕೂತಿದ್ದಳು. ಒಂದು ಕಡೆ ಬಂದು ನಿಂತಳು, ಕನ್ನಡಕ ಮೇಲೇರಿಸಿದಳು.

"ಮೇಡಂ, ಇದೇನ್ರಿ? ಯಾರೇ ಗಿರಾಕಿಗೆ ಅಂತ ಮಾಲು ತೆಗೆದಿಟ್ರೂ ಸಂಜಿ ಆರಕ್ಕೆ ತಾನಾಗೇ ಬಿಟ್ಟು ಹೋಗ್ತೈತೆ. ಪರಮೇಶ ಅಂತ ಒಬ್ರು ಇಟ್ಟಿದ್ದು ಮಾತ್ರ ಬಿಡಂಗಿಲ್ಲ. ಆ ಹೆಸ್ರಿನೋರು ಇಲ್ಲಿ ಯಾರೂ ಇಲ್ಲ. ತಪ್ಪಿರಬೇಕು, ತೆಗೆದು ಹಾಕ್ಲೇನ್ರಿ?"

"ಮುಟ್ಟಿದ್ರೆ ಕೈ ಮುರೀತೀನಿ" ಎಂದೆ.

ಪಾಪ, ಹುಡುಗಿ ಹೆದರಿಬಿಟ್ಟಳು. ಈಗಿನ ಮಕ್ಕಳಿಗೆ ಯಾರೂ ಹಾಗೆಲ್ಲ ಬೈಯುವುದಿಲ್ಲ. ಆ ಒಂದು ಸಾಲಿನ ಹಿಂದೆ ಏನಿದೆ ಎಂದು ಹೇಳುತ್ತ ಕೂತರೆ ಅವತ್ತಿನ ಕೆಲಸ ಕೆಡುತ್ತಿತ್ತು. ಆಮೇಲೆ ಬರೆದು ಕೊಡುತ್ತೇನೆ ಎಂದು ಮಾತು ಕೊಟ್ಟೆ. ಅದೇ ಇದು. ನನಗೆ ಯಾವಾಗ ಸಂಬಳ ಏರಿತು, ಯಾವಾಗ ಹೆಸರಿನ ಹಿಂದೆ 'ಇನ್‌ಚಾರ್ಜ್' ಎಂಬ ಬಾಲ ಬಂತು ಎಂಬುದನ್ನೆಲ್ಲ ಇದರಲ್ಲಿ ಹುಡುಕಬೇಡಿ. ಅದನ್ನು ಬರೆಯಲು ಕೂತರೆ ನನಗೇ ಆಕಳಿಕೆ ಬರುತ್ತದೆ. ಡೇಟಾಬೇಸ್ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ನನ್ನ ಜಾಣತನಕ್ಕಿಂತ ನನ್ನ ದಡ್ಡತನ ಹೆಚ್ಚು ಉಪಯೋಗಕ್ಕೆ ಬಂದೀತು.

ನಮ್ಮದು ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿದ್ದ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಗೋದಾಮು ಹರಿಹರದಲ್ಲಿ. ಮಾಲೀಕರು ಚನ್ನಬಸಪ್ಪನವರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಗುಡುಗು. ಊರಿಗೆಲ್ಲ ಅವರು ಸಾಹುಕಾರ್ರು. ತೊಂಬತ್ತರ ದಶಕದ ಕೊನೆಯಲ್ಲಿ ಹುಬ್ಬಳ್ಳಿಯ ಬೀಗರೊಬ್ಬರು ತಮ್ಮ ಅಂಗಡಿಗೆ ಬಂದ ಕಂಪ್ಯೂಟರ್ ತೋರಿಸಿ ಇವರ ಹೊಟ್ಟೆ ಉರಿಸಿದರು. ತಿಂಗಳೊಳಗೆ ನಮ್ಮಲ್ಲೂ ಒಂದು ಸರ್ವರ್ ಬಂತು. ಜೊತೆಗೆ ನಾಲ್ಕು ಪರದೆಗಳು: ಮೂರು ಕೌಂಟರಿನ ಮೇಲೆ, ಒಂದು ಹರಿಹರದ ಗೋದಾಮಿನಲ್ಲಿ. ಅವುಗಳ ಹಿಂದೆ ನಾನು ಬಂದೆ, ಸುಮಂಗಲಾ. ಅಲ್ಲಿಯವರೆಗೆ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದೆ. ನನ್ನ ಯಜಮಾನರು ಕೆಲಸ ಮಾಡುತ್ತಿದ್ದ ಹತ್ತಿ ಮಿಲ್ಲು ಮುಚ್ಚಿತ್ತು. ಆನೆಕೊಂಡದ ಬಾಡಿಗೆ ಮನೆಯಲ್ಲಿ ಐದು ಜನ ನನ್ನ ಸಂಬಳದ ದಾರಿ ನೋಡುತ್ತಿದ್ದರು. ಅದಕ್ಕೇ ಆ ಕೆಲಸ ನನಗೆ ಬೇಕೇ ಬೇಕಿತ್ತು.

ಕೌಂಟರಿನ ಹಿರಿಯ ಪರಮೇಶಣ್ಣ. ಸಾಹುಕಾರರ ತಂದೆಯ ಕಾಲದಿಂದ, ಮೂವತ್ತು ವರ್ಷ ಅದೇ ಸ್ಟೂಲಿನ ಮೇಲೆ ಕೂತ ಮನುಷ್ಯ. ಹೆಗಲ ಮೇಲೆ ಯಾವಾಗಲೂ ಒಂದು ಕೆಂಪಂಚಿನ ಟವೆಲ್. ರೈತ ಮುರಿದ ತುಂಡೊಂದನ್ನು ಗೋಣಿಚೀಲದಿಂದ ತೆಗೆದು ತೋರಿಸಿದರೆ ಸಾಕು, ಯಾವ ಗಾಡಿ, ಯಾವ ರ‍್ಯಾಕು, ಎಷ್ಟನೇ ಡಬ್ಬಿ ಎಂದು ಕೂತಲ್ಲೇ ಹೇಳುತ್ತಿದ್ದರು. ಮೊದಲ ದಿನ ನಾನು ಗತ್ತಿನಿಂದ, "ನೋಡ್ರಿ ಪರಮೇಶಣ್ಣ, ಕ್ಲಚ್ ಪ್ಲೇಟ್ ಎಷ್ಟು ಉಳಿದಾವೆ ಅಂತ ಇನ್ನ ಮ್ಯಾಲೆ ಇದೇ ಹೇಳ್ತೈತೆ" ಎಂದು ಗುಂಡಿ ಒತ್ತಿದೆ.

"ಮೂರು" ಎಂದರು ಪರಮೇಶಣ್ಣ.

ಪರದೆ ಯೋಚಿಸಿತು, ಮಿಣುಕಿತು, ಇನ್ನೊಮ್ಮೆ ಯೋಚಿಸಿತು. ಕೊನೆಗೆ '3' ಎಂದು ತೋರಿಸಿತು.

"ನಿಧಾನ ಐತೆ ಪಾಪ. ಹೊಸದಲ್ಲಾ, ಕಲ್ತುಕೊಂತೈತೆ ಬಿಡು ಕಂಪ್ಯೂಟ್ರಮ್ಮಾ" ಎಂದರು.

ಅವತ್ತಿನಿಂದ ಇಡೀ ಅಂಗಡಿಗೆ ನಾನು ಕಂಪ್ಯೂಟ್ರಮ್ಮ ಆದೆ.

ಈಗ ಸ್ವಲ್ಪ ಪಾಠ. ಸರ್ವರಿನೊಳಗೆ ಟೇಬಲ್ ಎಂದರೆ ಸಾಲು ಸಾಲಾಗಿ ಬರೆದಿಟ್ಟ ಒಂದು ದೊಡ್ಡ ಪಟ್ಟಿ. ನಮ್ಮ ಸ್ಟಾಕ್ ಟೇಬಲ್ಲಿನಲ್ಲಿ ಒಂದೊಂದು ಮಾಲಿಗೆ ಒಂದೊಂದು ಸಾಲು. ಒಂದೇ ಸಾಲನ್ನು ಇಬ್ಬರು ಒಟ್ಟಿಗೆ ತಿದ್ದಿದರೆ ಲೆಕ್ಕ ಎಕ್ಕುಟ್ಟಿ ಹೋಗುತ್ತದೆ. ಹಾಗಾಗಿ ಒಬ್ಬರು ತಿದ್ದಲು ತೆರೆದರೆ, ಅವರು ಮುಗಿಸುವವರೆಗೆ ಸರ್ವರ್ ಆ ಸಾಲನ್ನು ಇನ್ನೊಬ್ಬರ ಕೈಗೆ ಕೊಡುವುದಿಲ್ಲ. ಇದಕ್ಕೆ ಲಾಕ್ ಎನ್ನುತ್ತೇವೆ. ತೆರೆಯುವುದು, ತಿದ್ದುವುದು, ಮುಚ್ಚುವುದು, ಎಲ್ಲ ಅರ್ಧ ನಿಮಿಷದ ಕೆಲಸ. ಪುಸ್ತಕದಲ್ಲಿ ಹಾಗೆ ಬರೆದಿತ್ತು.

ಪುಸ್ತಕ ಬರೆದವರು ನಮ್ಮ ಕಡೆಯ ಬಸ್ಸು ಹತ್ತಿರಲಿಲ್ಲ. ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ನಮ್ಮ ಜನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರೆ. ಟವೆಲ್ ಬಿದ್ದ ಸೀಟಿನಲ್ಲಿ ಯಾರೂ ಕೂರುವಂತಿಲ್ಲ. ಟವೆಲಿನ ಒಡೆಯ ಚಾ ಕುಡಿದು, ಬೀಡಿ ಸೇದಿ, ಊರಿನ ಸುದ್ದಿ ಮುಗಿಸಿ ಬಂದರೂ ಸೀಟು ಅವನದೇ. ಕೆಲಸ ಶುರುವಾಗಿ ಎರಡು ವಾರವಾಗುವಷ್ಟರಲ್ಲಿ ಪರಮೇಶಣ್ಣ ಒಂದು ಸತ್ಯ ಕಂಡುಹಿಡಿದಿದ್ದರು: ಒಂದು ಮಾಲನ್ನು ತಿದ್ದಲು ತೆರೆದು ಹಾಗೇ ಬಿಟ್ಟರೆ ಬೇರೆ ಯಾರೂ ಅದನ್ನು ಮಾರುವಂತಿಲ್ಲ!

ಕೊನೆಯ ಒಂದೇ ಒಂದು ಫ್ಯಾನ್ ಬೆಲ್ಟ್ ಉಳಿದಿದೆಯೇ? ತೆರೆ, ಬಿಡು, ಚಾಕ್ಕೆ ಹೋಗು. ಪಕ್ಕದ ಪರದೆಯಲ್ಲಿ ಕೂತ ಕೊಟ್ರೇಶಿ, ಮೂವತ್ತರ ಆಸುಪಾಸಿನ ಚುರುಕು ಮನುಷ್ಯ, ಇದನ್ನು ಒಂದೇ ದಿನದಲ್ಲಿ ಕಲಿತ. ಹರಿಹರದ ಗೋದಾಮಿನ ಹಾಲಪ್ಪನಿಗೆ ಫೋನಿನಲ್ಲೇ ವಿದ್ಯೆ ದಾಟಿತು. ಅವರವರೇ ಇದಕ್ಕೆ 'ಟವೆಲ್ ಹಾಕೋದು' ಎಂದು ಹೆಸರಿಟ್ಟರು. "ಆಯಿಲ್ ಸೀಲಿಗೆ ಯಾರೋ ಟವೆಲ್ ಹಾಕ್ಯಾರ್ರೀ ಮೇಡಂ" ಎಂದು ದಿನಕ್ಕೆ ಹತ್ತು ಸಲ ದೂರು ಬರುತ್ತಿತ್ತು. ನಾನು ಸರ್ವರ್ ಕೋಣೆಯಿಂದ ಯಾರದೆಂದು ನೋಡಿ, ಟವೆಲ್ ಕಿತ್ತೆಸೆದು, ಹೋಗಿ ಬೈದು ಬರುತ್ತಿದ್ದೆ.

"ಪರಮೇಶಣ್ಣ, ಹಿಂಗೆಲ್ಲ ಮಾಡಬಾರ್ದ್ರಿ."

"ಏನ್ ಮಾಡಿದ್ನವ್ವಾ? ತಿದ್ದಾಕೆ ತೆಗೆದೆ, ತಿದ್ದಾದು ಮರೆತೆ. ವಯಸ್ಸಾತು ನೋಡು."

ಮೂವತ್ತು ವರ್ಷದ ಹಿಂದಿನ ಬೋಲ್ಟಿನ ನಂಬರ್ ಮರೆಯದ ಮನುಷ್ಯನಿಗೆ ಇದು ಮಾತ್ರ ಮರೆಯುತ್ತಿತ್ತು!

ನಾನೂ ಕಡಿಮೆಯವಳಲ್ಲ. ಪ್ರೋಗ್ರಾಮು ತಿದ್ದಿ, ಸಿಗದ ಮಾಲನ್ನು ಯಾರಾದರೂ ಕೇಳಿದರೆ ಹಿಡಿದವರ ಹೆಸರು ಪರದೆಯ ನಡುಮಧ್ಯೆ ದಪ್ಪಕ್ಷರದಲ್ಲಿ ಮಿನುಗುವ ಹಾಗೆ ಮಾಡಿದೆ. ನಾಚಿಕೆಯಿಂದಲಾದರೂ ಬಿಡುತ್ತಾರೆ ಎಂದುಕೊಂಡೆ. ನಾಚಿಕೆ ಯಾರಿಗೆ? ತನ್ನ ಹೆಸರು ಪರದೆಯಲ್ಲಿ ಬಂತೆಂದು ಕೊಟ್ರೇಶಿ ಗಿರಾಕಿಗಳನ್ನೆಲ್ಲ ಕರೆದು ತೋರಿಸಿದ.

ಅದರ ಮೇಲೆ ಇನ್ನೊಂದು ಘನಕಾರ್ಯ ಮಾಡಿದೆ. ಕಂಪ್ಯೂಟರಿನ ಚೀಟಿ ಇಲ್ಲದೆ ಒಂದು ನಟ್ಟೂ ಹೊರಗೆ ಹೋಗಬಾರದು ಎಂದು ಸಾಹುಕಾರರ ಕಿವಿಯೂದಿ, ಹಳೆಯ ಕಾರ್ಬನ್ ಬಿಲ್ ಪುಸ್ತಕಗಳನ್ನೆಲ್ಲ ಅವರ ಬೀರುವಿಗೆ ಸೇರಿಸಿದೆ. ಸಾಹುಕಾರರು ಒಪ್ಪಿದರು, ಆದರೆ ಎಲ್ಲರನ್ನೂ ನಿಲ್ಲಿಸಿಕೊಂಡು ಒಂದು ಮಾತೂ ಹೇಳಿದರು.

"ನಾಟಿ ಟೈಮ್ ಬರ್ತೈತೆ. ನಾಲೆಗೆ ನೀರು ಬಿಟ್ಟ ಮ್ಯಾಲೆ ರೈತರು ಬಾಗಿಲಿಗೆ ಬಂದು ನಿಂತಿರ್ತಾರೆ. ಆವಾಗ ಈ ಡಬ್ಬಿ ನಿಂತ್ರೆ, ನಿಲ್ಲಿಸಿದೋರು ಯಾರೇ ಆಗ್ಲಿ, ಮನಿಗೆ ಹೋಗ್ತಾರೆ. ನಾ ಮತ್ತೆ ಕೇಳಂಗಿಲ್ಲ."

ಹೇಳುವಾಗ ನೋಡಿದ್ದು ಪರಮೇಶಣ್ಣನ ಕಡೆಗೆ. ಪರಮೇಶಣ್ಣ ಟವೆಲಿನಿಂದ ಕಿವಿ ಒರೆಸಿಕೊಂಡರು.

ನಾಲೆಗೆ ನೀರು ಬಂತು. ಅಂಗಡಿಯ ಮುಂದೆ ಗದ್ದೆಗಿಳಿಯಲು ಕೇಜ್ ವೀಲ್ ಎಂಬ ಕಬ್ಬಿಣದ ಗಾಲಿ ಹಾಕಿದ ಟ್ರ್ಯಾಕ್ಟರುಗಳು ಕೆಸರು ಮೆತ್ತಿಕೊಂಡೇ ಬಂದು ನಿಲ್ಲತೊಡಗಿದವು. ನನ್ನ ಬುದ್ಧಿಗೆ ಗರ ಬಡಿದದ್ದು ಆ ವಾರವೇ.

ಟವೆಲ್ ಹಾಕುವವರಿಗೆ ಒಮ್ಮೆ ಬುದ್ಧಿ ಕಲಿಸಬೇಕು ಎಂದು ಹೊಳೆಯಿತು. ಒಂದು ಪುಟ್ಟ ಪ್ರೋಗ್ರಾಮು ಬರೆದೆ. ಅಂಗಡಿಯಲ್ಲಿ ಒಂದೇ ಒಂದು ಉಳಿದಿರುವ ಎಲ್ಲ ಮಾಲುಗಳಿಗೂ ಬೆಳಿಗ್ಗೆ ಮೊದಲೇ ನಾನೇ ಟವೆಲ್ ಹಾಕಿಬಿಡುವುದು! ಪರಮೇಶಣ್ಣ ಬಂದು ಒತ್ತುತ್ತಾರೆ, ಸಿಗುವುದಿಲ್ಲ. ಕೊಟ್ರೇಶಿ ಒತ್ತುತ್ತಾನೆ, ಸಿಗುವುದಿಲ್ಲ. ಹತ್ತು ನಿಮಿಷ ಅವರ ಮುಖ ನೋಡಿ, ನಕ್ಕು, ಬಿಟ್ಟುಬಿಡುವುದು. ಹಿಂದಿನ ದಿನ ಹತ್ತು ಮಾಲಿನ ಮೇಲೆ ಪರೀಕ್ಷೆ ಮಾಡಿದೆ, ಸೊಗಸಾಗಿ ನಡೆಯಿತು. ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಎಲ್ಲದರ ಮೇಲೂ ಹಾಕಿದೆ.

ಒಬ್ಬರೇ ಬಹಳ ಸಾಲುಗಳನ್ನು ಹಿಡಿದರೆ ಸರ್ವರ್‌ಗೆ ಒಂದೊಂದನ್ನೂ ನೆನಪಿಡುವುದು ಭಾರ. ಒಂದು ಮಿತಿ ದಾಟಿದ ಕೂಡಲೇ, 'ಹೋಗ್ಲಿ ಬಿಡು, ಪೂರ್ತಿ ಟೇಬಲ್ಲೇ ನಿನಗಿರಲಿ' ಎಂದು ಎಲ್ಲವನ್ನೂ ಕೊಟ್ಟುಬಿಡುತ್ತದೆ. ಆಮೇಲೆ ಬೇರೆಯವರಿಗೆ ಒಂದು ಬೋಲ್ಟೂ ಸಿಗುವುದಿಲ್ಲ. ಇದು ಸರ್ವರಿನ ಜೊತೆ ಬಂದ ದಪ್ಪ ಪುಸ್ತಕದಲ್ಲಿ ಬರೆದಿತ್ತು. ಆ ಪುಟ ನಾನು ಓದಿರಲಿಲ್ಲ. ಮಕ್ಕಳೇ, ನೀವು ಓದಿ.

ಟವೆಲ್ ಹಾಕಿ ಐದು ನಿಮಿಷ ಆಗಿರಲಿಲ್ಲ, ಹರಿಹರದಿಂದ ಹಾಲಪ್ಪನ ಫೋನು. "ಮೇಡಂ, ಮೋಡೆಮ್ಮು ಸತ್ತೈತ್ರಿ. ದೀಪನೇ ಹತ್ತವಲ್ದು." ಮೋಡೆಮ್ ಎಂದರೆ ಗೋದಾಮಿನ ಪರದೆಯನ್ನು ಫೋನ್ ತಂತಿಯ ಮೂಲಕ ನಮ್ಮ ಸರ್ವರಿಗೆ ಕೂಡಿಸುವ ಪೆಟ್ಟಿಗೆ. ಮಾಲು ಸಾಗಿಸುವ ವ್ಯಾನು ಹೊರಟು ನಿಂತಿತ್ತು. ನಾಟಿಯ ವಾರ, ಗೋದಾಮು ನಿಂತರೆ ಕೆಟ್ಟೆವು ಎಂದು ಗಡಿಬಿಡಿಯಲ್ಲಿ ಸರ್ವರ್ ಕೋಣೆಗೆ ಬೀಗ ಹಾಕಿ, ಕೀಲಿಯನ್ನು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು ಹತ್ತಿ ಕೂತೆ. ಟವೆಲ್ಲಿನ ನೆನಪು ದೇವರಾಣೆಗೂ ಇರಲಿಲ್ಲ.

ಹರಿಹರದಲ್ಲಿ ಮೋಡೆಮ್ಮಿನ ರೋಗ ಹಿಡಿಯಲು ಒಂದೇ ನಿಮಿಷ ಸಾಕಾಯಿತು. ಹಾಲಪ್ಪ ಅದರ ಪ್ಲಗ್ಗು ಕಿತ್ತು ಕ್ರಿಕೆಟ್ ಕಾಮೆಂಟ್ರಿ ಕೇಳಲು ರೇಡಿಯೋ ಹಾಕಿದ್ದ.

"ಇದಕ್ಕೂ ಕರೆಂಟ್ ಬೇಕೇನ್ರಿ? ಫೋನಿನ ತಂತಿಯಾಗೆ ಬರ್ತೈತಿ ಅನ್ಕಂಡಿದ್ದೆ" ಎಂದ, ಹಲ್ಲು ಕಿರಿದು.

ಪ್ಲಗ್ಗು ಹಾಕಿದೆ, ಫೋನ್ ಕೂಡಿಸಿದೆ, ಪರದೆ ಎದ್ದಿತು. ನೋಡೋಣವೆಂದು ಒಂದು ಸಾದಾ ಬೋಲ್ಟ್ ಕೇಳಿದೆ. ಪರದೆ ಯೋಚಿಸಿತು. ಬಹಳ ಹೊತ್ತು ಯೋಚಿಸಿತು. ಕೊನೆಗೆ ನಡುಮಧ್ಯೆ, ದಪ್ಪಕ್ಷರದಲ್ಲಿ, ಸ್ಟಾಕ್ ಟೇಬಲ್ ಪೂರ್ತಿ ಹಿಡಿದವರು ಎಂದು ತೋರಿಸಿ, ಕೆಳಗೆ ಒಂದು ಹೆಸರು ಮಿನುಗಿಸಿತು: ಸುಮಂಗಲಾ.

ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಗಿತ್ತು.

ಹಾಲಪ್ಪ ಹಿಂದಿನಿಂದ ಬಗ್ಗಿ ನೋಡಿದ. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ಬರುತ್ತಿತ್ತು ಅವನಿಗೆ. "ಮೇಡಂ, ನಿಮ್ಮ ಹೆಸ್ರು ಬಂದೈತಲ್ರಿ?"

"ಹೂಂ. ತೊಂದರೆ ಆದ್ರೆ ಸಹಾಯಕ್ಕೆ ಯಾರನ್ನ ಕರೀಬೇಕು ಅಂತ ತೋರಿಸ್ತೈತೆ" ಎಂದೆ.

"ಭಾರಿ ಚಲೋ ಮಾಡ್ಯಾರೆ ಬಿಡ್ರಿ" ಎಂದ ಹಾಲಪ್ಪ.

ಅಲ್ಲಿಂದಲೇ ಸರ್ವರಿನ ಒಳಹೊಕ್ಕು, ದಾವಣಗೆರೆಯ ನನ್ನ ಕೋಣೆಯಲ್ಲಿ ತೆರೆದೇ ಇದ್ದ ನನ್ನ ಕೆಲಸವನ್ನು ನಾನೇ ಕತ್ತು ಹಿಸುಕಿ ಕೊಂದೆ. ಅರ್ಧ ನಿಮಿಷದಲ್ಲಿ ಟೇಬಲ್ ಬಿಟ್ಟಿತು. ಬೋಲ್ಟು ಬಂತು. ಮೋಡೆಮ್ ಕಡಿದು ಫೋನು ಬಿಡಿಸಿದೆನೋ ಇಲ್ಲವೋ, ಗಂಟೆ ಬಾರಿಸಿತು. ಸಾಹುಕಾರರು.

"ಒಂದು ತಾಸಾತು, ಅಂಗಡಿಯಾಗೆ ಜಾತ್ರಿ ಕೂಡೈತೆ! ಎಲ್ಲ ನಿಂತು ಹೋಗಿತ್ತು, ಈಗ ನಡೀತು ಅಂತಾರೆ. ಯಾರು ಮಾಡಿದ್ದು ಅಂತ ನನಗೆ ಗೊತ್ತಾಗೈತೆ. ನೀನು ಬಾ ಇಲ್ಲಿಗೆ."

ಗೊತ್ತಾಗೈತೆ! ಗೊತ್ತಾಗದೆ ಏನು? ಅಲ್ಲಿಯ ಮೂರೂ ಪರದೆಗಳಲ್ಲಿ ನನ್ನ ಹೆಸರು ಒಂದು ತಾಸು ಮಿನುಗಿರುತ್ತದೆ. ಹಾಗೆ ಮಿನುಗಲಿ ಎಂದು ನಾನೇ ಬರೆದಿದ್ದೆ. ವಾಪಸು ಬರುವ ವ್ಯಾನಿನಲ್ಲಿ ಮನೆಯವರಿಗೆ ಏನು ಹೇಳಲಿ ಎಂದು ಯೋಚಿಸುತ್ತ, ನಡುದಾರಿಯ ಬಾತಿ ಊರು ದಾಟುವವರೆಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಅಂಗಡಿಗೆ ಕಾಲಿಟ್ಟರೆ ಪರಮೇಶಣ್ಣನ ಸ್ಟೂಲು ಖಾಲಿ.

"ಕಳಿಸಿದೆ" ಎಂದರು ಸಾಹುಕಾರರು. "ಟವೆಲ್ ಹಾಕಿ ಹಾಕಿ ಇಡೀ ಅಂಗಡಿ ನಿಲ್ಲಿಸ್ಯಾನೆ. ಸೊಕ್ಕು ನೋಡು, ನಾನು ಒಳಗೆ ಬರೋ ಹೊತ್ತಿಗೆ ಆ ಡಬ್ಬಿ ಮ್ಯಾಲೆ ತನ್ನ ಹೆಗಲಿನ ಟವೆಲ್ಲನ್ನೇ ಹೊದಿಸಿದ್ದ! ಇದೇನಲೇ ಅಂದ್ರೆ ಬಾಯಿ ಬಿಡಲಿಲ್ಲ. ಅಪ್ಪಾಜಿ ಕಾಲದೋನು, ಮನಿಗೆ ಕಳ್ಸಾಕೆ ಮನಸ್ಸು ಬರ್ಲಿಲ್ಲ. ನಾಳೆಯಿಂದ ಹರಿಹರದ ಗೋದಾಮಿನಾಗೆ ಬೋಲ್ಟ್ ಎಣಿಸ್ಕೊಂಡಿರ್ಲಿ. ಸೋಮವಾರ ಅವನ ಸ್ಟೂಲ್ ಕೊಟ್ರೇಶಿಗೆ."

ನಾನೇ ಎನ್ನಲು ಬಾಯಿ ತೆರೆದೆ. ಮನೆಯ ಐದು ಜನರ ಮುಖ ಕಣ್ಣ ಮುಂದೆ ಬಂತು. "ಸರ್ವರ್ ಬಿಸಿಯಾಗಿದ್ದಿರಬೇಕ್ರಿ" ಎಂದು ಗೊಣಗಿದೆ.

"ಬಿಸಿ ಅಲ್ಲ, ಕೊಬ್ಬು" ಎಂದರು ಸಾಹುಕಾರರು. ನಾನು ತಲೆ ತಗ್ಗಿಸಿ ಕೋಣೆ ಸೇರಿದೆ. ನಾಚಿಕೆಗೆಟ್ಟ ಕೆಲಸ. ಈಗಲೂ ಹಾಗೇ ಹೇಳುತ್ತೇನೆ.

ಪರದೆಯಲ್ಲಿ ನನ್ನ ಹೆಸರನ್ನು ಯಾರೂ ಗಮನಿಸಿಲ್ಲ, ನೂಕುನುಗ್ಗಲಿನಲ್ಲಿ ಬಚಾವಾದೆ ಎಂದುಕೊಂಡೆ. ಆದರೆ ಕಳ್ಳನ ಮನಸ್ಸು ಹುಳ್ಳುಳ್ಳಗೆ. ಮರುದಿನ ಕೊಟ್ರೇಶಿ ಬಾಗಿಲಲ್ಲಿ ನಿಂತು, "ಮೇಡಂ, ನಿನ್ನೆ ಯಾರು ಹಿಡಿದಿದ್ರು ಅಂತ ಸರ್ವರ್‌ನಾಗೆ ಸಿಗ್ತೈತೇನ್ರಿ?" ಎಂದು ಮಗುವಿನ ಹಾಗೆ ಕೇಳಿದ. "ಇಲ್ಲ, ಅಳಿಸಿ ಹೋಗೈತೆ" ಎಂದೆ. "ಛೇ ಛೇ" ಎಂದು ತಲೆಯಾಡಿಸಿ ಹೋದ. ಎರಡನೆಯ ದಿನ ಮಂಡಕ್ಕಿ ಮಿರ್ಚಿ ತಂದು ಮುಂದಿಟ್ಟು, "ತಿನ್ರಿ ಮೇಡಂ, ಸೊರಗೀರಿ" ಎಂದ. ಮೂರನೆಯ ದಿನ ಹಾಲಪ್ಪ ಫೋನು ಮಾಡಿ, "ಪರಮೇಶಣ್ಣ ಬೋಲ್ಟ್ ಎಣಿಸಾಕತ್ಯಾನ್ರಿ, ಎಂಟು ಡಬ್ಬಿ ಆದ್ವು" ಎಂದು ಕೇಳದಿದ್ದರೂ ವರದಿ ಕೊಟ್ಟ. ಒಬ್ಬರೂ ನನ್ನನ್ನು ಅನುಮಾನಿಸುತ್ತಿಲ್ಲವಲ್ಲ, ಎಂಥ ಒಳ್ಳೆಯ ಜನ ಎಂದುಕೊಂಡು ಇನ್ನಷ್ಟು ಸಂಕಟಪಟ್ಟೆ.

ನಾಲ್ಕನೆಯ ದಿನ, ಶನಿವಾರ, ನಂದಿಗುಡಿಯ ಶೇಖರಪ್ಪ ಬಂದರು. ಭತ್ತದ ಗದ್ದೆಯ ರೈತ, ನಮ್ಮ ಹಳೆಯ ಗಿರಾಕಿ. ಕೊಟ್ರೇಶಿ "ಬರ್ರಿ, ಕೂಡ್ರಿ, ಏನು ಬೇಕು?" ಎಂದರೆ ಖಾಲಿ ಸ್ಟೂಲನ್ನೇ ನೋಡಿದರು. ನಾನು ಹೊರಗೆ ಬಂದಿದ್ದೆ.

"ಪರಮೇಶಣ್ಣ ಎಲ್ಲಿ ತಂಗಿ?"

"ಹರಿಹರದಾಗೆ ಅದಾರ್ರಿ. ಏನು ಬೇಕಿತ್ತು?"

"ಮಾಲು ಏನೂ ಬ್ಯಾಡ. ಆ ಮನುಷ್ಯನ್ನ ನೋಡಿ ಹೋಗಾಕೆ ಬಂದೆ. ಮೊನ್ನೆ ನನ್ನ ಕ್ಲಚ್ ಪ್ಲೇಟ್ ಹೋಗಿತ್ತು. ಸಸಿ ಕಿತ್ತು ಗದ್ದೆ ಬದುವಿನ ಮ್ಯಾಲೆ ಇಟ್ಟಿದ್ವಿ, ಆಳು ಕುಂತಿದ್ರು. ಮುಂಜಾನಿ ಬಸ್ಸಿನ ಕಂಡಕ್ಟರ್ ಕೈಯಾಗೆ ಚೀಟಿ ಕೊಟ್ಟು ಕಳಿಸ್ದೆ. ಇರೋದೇ ಒಂದು ಪ್ಲೇಟ್ ಅಂತೆ. ನಾವು ಹಳ್ಳಿಯಿಂದ ಬರೋದ್ರಾಗೆ ಪ್ಯಾಟಿಯೋರು ತಗಂಡು ಹೋಗ್ಬಿಡ್ತಾರೆ. ಆದ್ರೆ ಪರಮೇಶಣ್ಣ ಒಮ್ಮೆ ಇಟ್ಟೀನಿ ಅಂದ್ರೆ ಇಟ್ಟಂಗ. ಅವತ್ತು ನಿಮ್ಮ ಮಿಷನ್ ಕೆಟ್ಟು ನಾನು ಒಂದು ತಾಸು ಕುಂತೆ. ಆ ಗದ್ದಲದಾಗೂ ಪ್ಲೇಟನ್ನ ತನ್ನ ಕಾಲ ಸಂದಿಯಾಗೆ ಇಟ್ಕಂಡು ಕುಂತಿತ್ತು ಪುಣ್ಯಾತ್ಮ."

ನಾನು ಇದುವರೆಗೆ ಆಟ ಎಂದುಕೊಂಡಿದ್ದು ಆಟವಾಗಿರಲಿಲ್ಲ. ನಾನು ಕಿತ್ತೆಸೆದ ಟವೆಲ್ಲುಗಳ ಕೆಳಗೆ ನಂದಿಗುಡಿಯಂಥ ಊರುಗಳ ಚೀಟಿಗಳಿದ್ದವು. ಯಾರಿಗಾದರೂ ಮಾಲು ತೆಗೆದಿಡಲು ನನ್ನ ಪ್ರೋಗ್ರಾಮಿನಲ್ಲಿ ಜಾಗವೇ ಇರಲಿಲ್ಲ. ಅದಕ್ಕೇ ಆ ಮನುಷ್ಯ ಇದ್ದುದರಲ್ಲೇ ಒಂದು ದಾರಿ ಮಾಡಿಕೊಂಡಿದ್ದರು. ಸೋಮವಾರ ಅವರ ಸ್ಟೂಲು ಕೈಬಿಡುತ್ತದೆ. ನಿವೃತ್ತಿಗೆ ಒಂದು ವರ್ಷವೂ ಇಲ್ಲ.

ನೇರ ಸಾಹುಕಾರರ ಮುಂದೆ ಹೋಗಿ ನಿಂತೆ. "ಅವತ್ತು ನಿಲ್ಲಿಸಿದ್ದು ನಾನ್ರಿ" ಎಂದು ಶುರುಮಾಡಿ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ.

ಸಾಹುಕಾರರು ಗುಡುಗಲಿಲ್ಲ. ಅದೇ ಹೆಚ್ಚು ಭಯವಾಯಿತು. "ಹಂಗಾದ್ರೆ ಪರಮೇಶಿ ಯಾಕ ಟವೆಲ್ ಹೊದಿಸಿದ?" ಎಂದರು.

"ನನಗೂ ಗೊತ್ತಿಲ್ರಿ."

"ನಡಿ, ಕೇಳನ" ಎಂದು ಕಾರು ತೆಗೆಸಿದರು.

ಗೋದಾಮಿನಲ್ಲಿ ಪರಮೇಶಣ್ಣ ಗೋಣಿಚೀಲದ ಮೇಲೆ ಕೂತು ಬೋಲ್ಟ್ ಎಣಿಸುತ್ತಿದ್ದರು. ಎದ್ದು ನಿಂತು ಟವೆಲ್ ಸರಿಮಾಡಿಕೊಂಡರು.

"ಪರಮೇಶಿ, ಅವತ್ತು ಡಬ್ಬಿಗೆ ಟವೆಲ್ ಯಾಕ ಹಾಕಿದ್ದೆ?"

"ಧೂಳು ಬರ್ತಿತ್ತು ಸಾಹುಕಾರ್ರೆ."

"ಸುಮಂಗಲಮ್ಮ ಎಲ್ಲ ಹೇಳ್ಯಾಳೆ."

ಪರಮೇಶಣ್ಣ ನನ್ನ ಕಡೆ ತಿರುಗಿದರು. ಮುಖ ಜೋತು ಬಿತ್ತು. "ಹೇಳೇಬಿಟ್ಯಾ? ಇನ್ನೊಂದು ದಿನ ತಡಕಳ್ಳಾಕೆ ಆಗ್ಲಿಲ್ಲೇನು ಕಂಪ್ಯೂಟ್ರಮ್ಮಾ? ಐದು ದಿನ ತಡೀತಾಳೆ ಅಂತ ಕೊಟ್ರೇಶಿ ಜತಿಗೆ ಪಂಥ ಕಟ್ಟಿದ್ದೆ. ಅವನು ನಾಕೇ ದಿನ ಅಂದಿದ್ದ. ಬೆಣ್ಣೆ ದೋಸೆ ಹೋತು!"

ನನಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಮೂರೂ ಪರದೆಗಳಲ್ಲಿ ನನ್ನ ಹೆಸರು ಮಿನುಗಿದ್ದನ್ನು ಎಲ್ಲರೂ ನೋಡಿದ್ದರು. ಎರಡು ಪರದೆಗಳನ್ನು ಪರಮೇಶಣ್ಣ ಆರಿಸಿದ್ದರು. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಸಾಹುಕಾರರು ಬಾಗಿಲಲ್ಲಿ ಕಂಡರಂತೆ. ಬೇರೆ ದಾರಿ ಕಾಣದೆ ಹೆಗಲಿನ ಟವೆಲ್ ಹೊದಿಸಿದ್ದರು. ನಾಲ್ಕು ದಿನ ಇಡೀ ಕೌಂಟರು, ಸಹಾಯಕ್ಕೆ ಯಾರನ್ನು ಕರೆಯಬೇಕೆಂದು ಬಲ್ಲ ಹಾಲಪ್ಪನೂ ಸೇರಿ, ನನ್ನ ಮುಖ ನೋಡಿ ಮಜಾ ತೆಗೆದುಕೊಂಡಿತ್ತು. ಆ ಮಿರ್ಚಿ, ಆ 'ಛೇ ಛೇ', ಎಲ್ಲ ನಾಟಕ!

ಸಾಹುಕಾರರು ನಗಲಿಲ್ಲ. "ನಿನ್ನ ಸ್ಟೂಲ್ ಹೋಗ್ತೈತೆ ಅಂತ ಗೊತ್ತಿದ್ದೂ ಯಾಕ ಮುಚ್ಚಿದೆ?"

ಪರಮೇಶಣ್ಣ ಕೈಯಲ್ಲಿದ್ದ ಬೋಲ್ಟನ್ನು ಡಬ್ಬಿಗೆ ಹಾಕಿದರು. "ನನ್ನ ಕಳಿಸಿದ್ರೆ ನೀವು ಹರಿಹರಕ್ಕೆ ಕಳಿಸ್ತೀರಿ. ಈ ತಂಗೀನ ಕಳಿಸಿದ್ರೆ ಮನಿಗೆ ಕಳಿಸ್ತೀರಿ. ಆ ಮನಿಯಾಗೆ ದುಡಿಯೋದು ಇವಳೊಬ್ಬಳೇ. ಹರಿಹರ ಏನು ದೂರ ಐತೇನ್ರಿ?"

ನಾನು ಅತ್ತುಬಿಟ್ಟೆ. ಹಾಲಪ್ಪ ರೇಡಿಯೋ ಆರಿಸಿದ.

"ನಿಲ್ಲಿಸಿದೋರು ಮನಿಗೆ ಅಂತ ಎಲ್ಲರ ಮುಂದೆ ಹೇಳೀನಿ" ಎಂದರು ಸಾಹುಕಾರರು.

"ಕಳಿಸ್ರಿ. ಹೆಸ್ರು ಮುಚ್ಚಿದೋನು ನಾನು, ಮಜಾ ತಗಂಡೋರು ಇವರು. ಎಲ್ಲರನ್ನೂ ಮನಿಗೆ ಕಳಿಸಿ, ಸೋಮವಾರ ಅಂಗಡಿ ಬಾಗಿಲು ನೀವೇ ತಗೀರಿ. ಆಯಿಲ್ ಸೀಲ್ ಯಾವ ರ‍್ಯಾಕಿನಾಗೆ ಐತೆ ಗೊತ್ತೈತೇನು?"

ಸಾಹುಕಾರರ ಮೀಸೆ ಅಲುಗಿತು. ಅವರಿಗೆ ಗೊತ್ತಿರಲಿಲ್ಲ.

ಕೊನೆಗೆ ತೀರ್ಪು ಹೀಗಾಯಿತು. ಪರಮೇಶಣ್ಣ ಅದೇ ದಿನ ಕಾರಿನಲ್ಲೇ ವಾಪಸು. ನಾಟಿ ಮುಗಿಯುವವರೆಗೆ ಮಧ್ಯಾಹ್ನದ ತನಕ ನಾನು ಅವರ ಸ್ಟೂಲಿನ ಪಕ್ಕ ನಿಂತು, ಅವರು ಹೇಳಿದ ಮಾಲು ತಂದು ಕೊಡಬೇಕು. ಸರ್ವರು ಏನಿದ್ದರೂ ಊಟ ಆದ ಮೇಲೆ. ನನ್ನ ವೃತ್ತಿಯಲ್ಲಿ ಅಷ್ಟು ಕಲಿತ ತಿಂಗಳು ಇನ್ನೊಂದಿಲ್ಲ. ಯಾರು ಬರುತ್ತಾರೆ, ಎಲ್ಲಿಂದ ಬರುತ್ತಾರೆ, ಏನು ಮುರಿದುಕೊಂಡು ಬರುತ್ತಾರೆ ಎಂದು ನೋಡದೆ ಅವರಿಗಾಗಿ ಪ್ರೋಗ್ರಾಮು ಬರೆದಿದ್ದೆನಲ್ಲ ಎಂದು ದಿನವೂ ನಾಚಿಕೆಯಾಗುತ್ತಿತ್ತು. ಪರಮೇಶಣ್ಣ ಬಿಡುತ್ತಿರಲಿಲ್ಲ. ನಾನು ತಪ್ಪು ಡಬ್ಬಿ ತಂದರೆ, "ನಿಧಾನ ಐತೆ ಪಾಪ, ಕಲ್ತುಕೊಂತೈತೆ" ಎಂದು ಗಿರಾಕಿಗೆ ಹೇಳುತ್ತಿದ್ದರು.

ನಾಟಿ ಮುಗಿದ ಮೇಲೆ ಮೊದಲು ಮಾಡಿದ ಕೆಲಸ, ಸ್ಟಾಕ್ ಟೇಬಲ್ಲಿನಲ್ಲಿ 'ಇಟ್ಟದ್ದು' ಎಂದು ಹೊಸ ಕಾಲಮ್ ಸೇರಿಸಿದ್ದು. ಯಾರು ಇಟ್ಟರು, ಯಾರಿಗಾಗಿ ಇಟ್ಟರು ಎಂದು ಬರೆದು ಮುಚ್ಚಿದರಾಯಿತು. ಲಾಕ್ ಅರ್ಧ ನಿಮಿಷವೂ ಇರುವುದಿಲ್ಲ, ಆದರೆ ಮಾಲು ಅವರಿಗೇ ಇರುತ್ತದೆ. ತಿದ್ದಲು ತೆರೆದು ಸುಮ್ಮನೆ ಬಿಟ್ಟರೆ ಐದು ನಿಮಿಷಕ್ಕೆ ಸರ್ವರೇ ಮುಚ್ಚುವ ಹಾಗೆ ಮಾಡಿದೆ. ಇಟ್ಟ ಮಾಲು ಸುಮ್ಮನೆ ಕೊಳೆಯಬಾರದೆಂದು ಸಂಜೆ ಆರಕ್ಕೆ ತಾನಾಗಿ ಬಿಟ್ಟುಹೋಗುವ ಹಾಗೂ ಮಾಡಿದೆ. ಆಮೇಲೆ, ಯಾರನ್ನೂ ಕೇಳದೆ, ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ: ಪರಮೇಶಣ್ಣ ಇಟ್ಟದ್ದು ಅವರೇ ತೆಗೆಯುವವರೆಗೆ ಬಿಡಕೂಡದು.

ಆ ಸಾಲಿನ ವಿಷಯ ಅವರಿಗೆ ನಾನು ಹೇಳಿರಲಿಲ್ಲ. ಎರಡೇ ದಿನದಲ್ಲಿ ಅವರೇ ಕಂಡುಹಿಡಿದರು. ಟವೆಲಿನಿಂದ ಕಿವಿ ಒರೆಸಿಕೊಂಡರು.

ಮುಂದಿನ ವರ್ಷ ಅವರು ನಿವೃತ್ತರಾದರು. ಹಾರ ಹಾಕಿಸಿಕೊಂಡು, ಸ್ಟೂಲಿಗೆ ಕೈ ಮುಗಿದು ಹೋದರು. ಮರುದಿನ ನಾನು ಪಟ್ಟಿ ನೋಡುತ್ತಿದ್ದಾಗ ಒಂದು ಕ್ಲಚ್ ಪ್ಲೇಟ್ ಅವರ ಹೆಸರಿನಲ್ಲಿ ಇಟ್ಟದ್ದು ಕಂಡಿತು. ಯಾರಿಗಾಗಿ ಎಂಬಲ್ಲಿ ಕಂಪ್ಯೂಟ್ರಮ್ಮ ಎಂದಿತ್ತು. ಫೋನು ಮಾಡಿ, "ಪರಮೇಶಣ್ಣ, ನನ್ನ ಹತ್ರ ಟ್ರ್ಯಾಕ್ಟರ್ ಎಲ್ಲೈತ್ರಿ?" ಎಂದು ಕೇಳಿದೆ.

"ಬಂದಾಗ ಬೇಕಾಗ್ತೈತೆ. ಇಟ್ಟೀನಿ, ಇರ್ಲಿ ಬಿಡು ತಂಗಿ" ಎಂದರು.

ಅವರು ತೀರಿಕೊಂಡು ಬಹಳ ವರ್ಷಗಳಾದವು. ಆ ಟ್ರ್ಯಾಕ್ಟರ್ ಮಾಡೆಲ್ಲೂ ಈಗ ಬರುವುದಿಲ್ಲ. ಸರ್ವರ್ ಮೂರು ಸಲ ಬದಲಾಯಿತು. ಪ್ರತಿ ಸಲವೂ ಎಲ್ಲಕ್ಕಿಂತ ಮೊದಲು ಆ ಸಾಲನ್ನು ಹೊಸದಕ್ಕೆ ದಾಟಿಸಿದ್ದೇನೆ. ಸ್ಟಾಕ್ ಎಣಿಸಲು ಬಂದವರು ಪ್ರತಿ ವರ್ಷ ಇದೇನು ಎಂದು ಕೇಳುತ್ತಾರೆ. ಗಿರಾಕಿ ಇನ್ನೂ ಬಂದಿಲ್ಲ ಎನ್ನುತ್ತೇನೆ.

ವೀಣಾ, ಒಳಗಿನ ಕೋಣೆಯಲ್ಲಿ, ಕಿಟಕಿ ಪಕ್ಕದ ರ‍್ಯಾಕಿನ ಕೆಳಗಿನ ಡಬ್ಬಿಯಲ್ಲಿ ಆ ಪ್ಲೇಟು ಇದೆ, ಗ್ರೀಸು ಹಚ್ಚಿದ ಕಾಗದದಲ್ಲಿ ಸುತ್ತಿದೆ. ನೀನು ಆ ಸಾಲು ತೆಗೆದರೆ ಅದು ಅವತ್ತೇ ಸಂಜೆ ಆರಕ್ಕೆ ಬಿಟ್ಟುಹೋಗುತ್ತದೆ. ತೆಗೆಯಬೇಡಮ್ಮ.